ಹೊಟ್ಟೆಯಲ್ಲಿ ತೇಲುವ ಗುಳಿಗೆ

ನರಗುಂದ ತಾಲೂಕಿನ ಶಿರೋಳದ ಕಡೆಯ ಯಾವ ಸಂತೆಗೆ ಹೋದರೂ ಮಿರ್ಚಿ ಭಜಿಯ ಅಂಗಡಿ ಇದ್ದೇ ಇರುತ್ತದೆ. ಅದರ ಮುಂದೆ ಒಂದು ಗಳಿಗೆ ನಿಂತು ನೋಡಿರಿ. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಬಿಟ್ಟೊಡನೆ ಅದು ತಳಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಮೈಯುಬ್ಬಿಸಿಕೊಂಡು ಮೇಲಕ್ಕೆ ಬಂದು, ತೆಗೆಯುವವರೆಗೂ ತೇಲುತ್ತಲೇ ಇರುತ್ತದೆ. ಇದಕ್ಕೆ ಕಾರಣವೇನು? ಹಿಟ್ಟಿಗೆ ಹಾಕಿದ ಸೋಡಾ ವಾಯುವನ್ನು ಬಿಟ್ಟಿತು. ಹಿಟ್ಟಿನೊಳಗಿನ ನೀರು ಉಗಿಯಾಯಿತು. ಹೊರಗಿನ ಕವಚ ಬೆಂದು ಗಟ್ಟಿಯಾಗಿ ಆ ವಾಯುವನ್ನೂ ಉಗಿಯನ್ನೂ ಒಳಗೇ ಹಿಡಿದಿಟ್ಟಿತು. ಭಜಿಯ ತೂಕ ಹೆಚ್ಚಲಿಲ್ಲ, ಗಾತ್ರ ಮಾತ್ರ ಹೆಚ್ಚಿತು. ಗಾತ್ರ ಹೆಚ್ಚಿ ಸಾಂದ್ರತೆ ಎಣ್ಣೆಗಿಂತ ಕಡಿಮೆಯಾದೊಡನೆ ಅದು ತೇಲಲೇಬೇಕು.

ಬಾಣಲೆಯಲ್ಲಿ ನಡೆಯುವ ಈ ಸಣ್ಣ ಚಮತ್ಕಾರವನ್ನೇ ಔಷಧಶಾಸ್ತ್ರಜ್ಞರು ಮನುಷ್ಯನ ಜಠರದಲ್ಲಿ ನಡೆಸಿದ್ದಾರೆ. ನುಂಗಿದ ಮೇಲೆ ಜಠರರಸದಲ್ಲಿ ಉಬ್ಬಿ, ಮೇಲೆದ್ದು, ಗಂಟೆಗಟ್ಟಲೆ ತೇಲುತ್ತ, ತನ್ನಲ್ಲಿರುವ ಮದ್ದನ್ನು ಸ್ವಲ್ಪಸ್ವಲ್ಪವಾಗಿ ಬಿಡುವ ಗುಳಿಗೆ ಇದು. ಇದನ್ನು ತೇಲುಗುಳಿಗೆ ಎಂದು ಕರೆಯೋಣ. ಇದು ಏಕೆ ಬೇಕಾಯಿತು, ಇದನ್ನು ಹೇಗೆ ಮಾಡುತ್ತಾರೆ, ಇದನ್ನು ನುಂಗುವವನು ಏನು ತಿಳಿದಿರಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹಳ್ಳಿಯ ಔಷಧದ ಅಂಗಡಿಗಳಲ್ಲಿ ಇಂಥ ಮಾತು ಕೇಳಿಬರುವುದುಂಟು: “ತಮ್ಮಾ, ಈ ಸಕ್ಕರಿ ಗುಳಿಗಿ ಭಾಳ ದೊಡ್ಡದೈತಿ, ಗಂಟಲದಾಗ ಇಳಿಯೂದಿಲ್ಲ. ಮುರದು ಎರಡು ಮಾಡಿ ತಗೊಂಡ್ರ ನಡೀತದೇನು?” ಅಂಗಡಿಯವನು ಕೈಯಾಡಿಸಿ, “ಬ್ಯಾಡ ಅಜ್ಜಾ, ಮುರೀಬ್ಯಾಡ್ರಿ” ಎಂದಷ್ಟೇ ಹೇಳುತ್ತಾನೆ. ಏಕೆ ಬೇಡ ಎಂಬುದನ್ನು ಹೇಳಲು ಅವನಿಗೆ ಪುರಸತ್ತಿಲ್ಲ. ಅಜ್ಜನಿಗೋ ಕಾರಣ ಗೊತ್ತಾಗದ ಮಾತು ಮನಸ್ಸಿಗೆ ಹಿಡಿಯುವುದಿಲ್ಲ. ಮನೆಗೆ ಹೋಗಿ ಒರಳಿನಲ್ಲಿ ಕುಟ್ಟಿ ಮಜ್ಜಿಗೆಯಲ್ಲಿ ಕಲಸಿ ಕುಡಿದರೂ ಕುಡಿದಾನು. ಆ ‘ಏಕೆ’ ಎಂಬುದರ ಉತ್ತರ ಜಠರದಲ್ಲಿದೆ.

ನಾವು ನುಂಗಿದ ಗುಳಿಗೆ ಅನ್ನನಾಳವನ್ನು ದಾಟಿ ಜಠರವನ್ನು ಸೇರುತ್ತದೆ. ಜಠರವು ಕೇವಲ ಒಂದು ಚೀಲವಲ್ಲ; ಅದು ಮಸೆಯುವ, ಅರೆಯುವ, ತಳ್ಳುವ ಸ್ನಾಯುಗಳ ಯಂತ್ರ. ಅದರ ಕೆಳತುದಿಯಲ್ಲಿ ಒಂದು ಕಿರಿದಾದ ಬಾಗಿಲು ಉಂಟು. ಊಟವಾದ ಮೇಲೆ ಈ ಬಾಗಿಲು ಬಹಳ ಬಿಗಿ. ಅರೆದು ಒಂದೆರಡು ಮಿಲಿಮೀಟರಿಗಿಂತ ಸಣ್ಣದಾದ ಕಣಗಳನ್ನು ಮಾತ್ರ ಸಣ್ಣಕರುಳಿಗೆ ಬಿಡುತ್ತದೆ. ದೊಡ್ಡದನ್ನು ಮರಳಿ ಅರೆಯಲು ಹಿಂದಕ್ಕೆ ಕಳಿಸುತ್ತದೆ. ಹೊಟ್ಟೆ ಬರಿದಾಗಿರುವಾಗಿನ ಕ್ರಮವೇ ಬೇರೆ. ಆಗ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಜಠರದಲ್ಲಿ ಒಂದು ಬಲವಾದ ಅಲೆ ಏಳುತ್ತದೆ. ಸಂಜೆ ಅಂಗಳ ಗುಡಿಸುವ ಹೆಣ್ಣುಮಗಳು ಕಸಕಡ್ಡಿಯನ್ನೆಲ್ಲ ಒಟ್ಟಿಗೆ ಹೊರಗೆ ತಳ್ಳುವಂತೆ, ಈ ಅಲೆಯು ಜಠರದಲ್ಲಿ ಉಳಿದದ್ದನ್ನೆಲ್ಲ, ದೊಡ್ಡ ಗುಳಿಗೆಯನ್ನು ಸಹ, ಬಾಗಿಲಿನಾಚೆಗೆ ತಳ್ಳಿಬಿಡುತ್ತದೆ. ಶಾಸ್ತ್ರಜ್ಞರು ಇದಕ್ಕೆ ಮನೆಗುಡಿಸುವ ಅಲೆಯೆಂದೇ ಹೆಸರಿಟ್ಟಿದ್ದಾರೆ.

ಜಠರವನ್ನು ಬಿಟ್ಟ ಗುಳಿಗೆ ಸಣ್ಣಕರುಳಿನಲ್ಲಿ ಸಾಗಲು ಸುಮಾರು ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಇಲ್ಲಿಯೇ ತೊಡಕು. ಕೆಲವು ಮದ್ದುಗಳನ್ನು ಮೈಯೊಳಗೆ ಹೀರಿಕೊಳ್ಳುವ ಶಕ್ತಿ ಸಣ್ಣಕರುಳಿನ ಮೊದಲ ಭಾಗಕ್ಕೆ ಮಾತ್ರ ಹೆಚ್ಚಾಗಿ ಉಂಟು. ಆ ಭಾಗ ದಾಟಿತೆಂದರೆ ಮದ್ದು ವ್ಯರ್ಥ. ಬಸ್ಸು ನಿಲ್ಲುವ ಕಟ್ಟೆಯೊಂದೇ ಇದ್ದಾಗ ಅದನ್ನು ದಾಟಿದ ಬಸ್ಸಿನ ಹಿಂದೆ ಓಡಿ ಪ್ರಯೋಜನವಿಲ್ಲವಷ್ಟೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಇಂಥ ಮದ್ದು. ಸಾಧಾರಣ ಗುಳಿಗೆಯಾಗಿ ನುಂಗಿದಾಗ ಅದರಲ್ಲಿ ನೂರಕ್ಕೆ ಐವತ್ತರಿಂದ ಅರವತ್ತು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಕಂಪವಾಯುವಿಗೆ ಕೊಡುವ ಲೆವೊಡೋಪಾ ಕೂಡ ಸಣ್ಣಕರುಳಿನ ಮೇಲ್ಭಾಗವನ್ನೇ ನೆಚ್ಚಿಕೊಂಡದ್ದು.

ದಿನಕ್ಕೆ ಮೂರು ಸಲ ಗುಳಿಗೆ ನುಂಗುವುದು ಪಟ್ಟಣದ ಆಸ್ಪತ್ರೆಯಲ್ಲಿ ಸುಲಭ; ಎರೆಹೊಲದಲ್ಲಿ ಕಡಲೆ ಕೀಳುವ ರೈತನಿಗೆ ಸುಲಭವಲ್ಲ. ಮಧ್ಯಾಹ್ನದ ಗುಳಿಗೆ ಮನೆಯ ಗೂಡಿನಲ್ಲಿಯೇ ಉಳಿಯುತ್ತದೆ. ಆದುದರಿಂದ ದಿನಕ್ಕೊಂದೇ ಸಲ ನುಂಗಿ, ಇಡೀ ದಿನ ಸ್ವಲ್ಪಸ್ವಲ್ಪವಾಗಿ ಮದ್ದು ಬಿಡುವ ಗುಳಿಗೆ ಬೇಕಾಯಿತು. ಆದರೆ ನಿಧಾನವಾಗಿ ಬಿಡುವ ಗುಳಿಗೆಯೇ ನಾಲ್ಕಾರು ಗಂಟೆಯಲ್ಲಿ ಹೀರುವ ಭಾಗವನ್ನು ದಾಟಿಹೋದರೆ, ಉಳಿದ ಮದ್ದನ್ನು ಅದು ಬಿಡುವುದು ದೊಡ್ಡಕರುಳಿನಲ್ಲಿ. ಈ ಇಕ್ಕಟ್ಟಿಗೆ ಒಂದೇ ದಾರಿ: ಗುಳಿಗೆಯನ್ನು ಜಠರದಲ್ಲಿಯೇ ತಡೆದು ನಿಲ್ಲಿಸಬೇಕು. ಅಲ್ಲಿಂದ ಕರಗಿದ ಮದ್ದು ಮಾತ್ರ ಹನಿಹನಿಯಾಗಿ ಸಣ್ಣಕರುಳಿನ ಮೊದಲ ಭಾಗಕ್ಕೆ ಇಳಿಯಬೇಕು. ಕೆರೆಯ ತೂಬಿನಿಂದ ನೀರು ಬಿಟ್ಟಂತೆ ಆಗಬೇಕೇ ಹೊರತು ಕೆರೆಯೇ ಒಡೆದು ಹರಿದಂತೆ ಆಗಬಾರದು.

ತಡೆದು ನಿಲ್ಲಿಸುವ ಉಪಾಯಗಳು ಹಲವು. ಗುಳಿಗೆಯನ್ನು ಬಾಗಿಲಿನಲ್ಲಿ ತೂರದಷ್ಟು ದೊಡ್ಡದಾಗಿ ಉಬ್ಬಿಸಬಹುದು. ಜಠರದ ಗೋಡೆಗೆ ಅಂಟಿಸಬಹುದು. ಬಹಳ ಭಾರ ಮಾಡಿ ತಳದಲ್ಲಿ ಕೂಡಿಸಬಹುದು. ಇಲ್ಲವೆ ಜಠರರಸದ ಮೇಲೆ ತೇಲಿಸಬಹುದು. ಬಾಗಿಲು ಇರುವುದು ಕೆಳಗೆ. ಗುಳಿಗೆ ಇರುವುದು ಮೇಲೆ. ಬಾವಿಯಲ್ಲಿ ಈಜು ಕಲಿಯುವ ಹುಡುಗನ ಸೊಂಟಕ್ಕೆ ಒಣಗಿದ ಸೋರೆಯ ಬುರುಡೆ ಕಟ್ಟಿದರೆ ಅವನು ಮುಳುಗದಿರುವಂತೆ, ಗುಳಿಗೆಗೂ ಒಂದು ಬುರುಡೆ ಕಟ್ಟಿದರೆ ಸಾಕು.

ತೇಲುವ ಗುಳಿಗೆಯ ವಿಚಾರ ಮೊದಲು ಹುಟ್ಟಿದ್ದು ಮಾತ್ರ ಬೇರೊಂದು ಕಾರಣಕ್ಕೆ. 1968ರಲ್ಲಿ ಅಮೆರಿಕದಲ್ಲಿ ಡೇವಿಸ್ ಎಂಬಾತನು ಒಂದು ಪೇಟೆಂಟು ಪಡೆದನು. ಗುಳಿಗೆ ನುಂಗುವಾಗ ಕೆಲವರಿಗೆ ಗಂಟಲಲ್ಲಿ ಸಿಕ್ಕಿಕೊಂಡು ಒಕರಿಕೆ ಬರುವುದನ್ನು ಕಂಡು, ನೀರಿಗಿಂತ ಹಗುರಾದ ಗುಳಿಗೆ ಮಾಡಿದರೆ ಅದು ನೀರಿನ ಮೇಲೆ ತೇಲಿ ಸುಲಭವಾಗಿ ಇಳಿದೀತೆಂದು ಅವನ ಯೋಚನೆ. ಮುಂದೆ ಹಾಫ್‌ಮನ್-ಲಾ ರೋಶ್ ಕಂಪನಿಯ ಶೇಠ್ ಮತ್ತು ಟೊಸೂನಿಯನ್ ಎಂಬ ಇಬ್ಬರು ಶಾಸ್ತ್ರಜ್ಞರು ಹೊಟ್ಟೆಯಲ್ಲಿಯೇ ಉಬ್ಬಿ ತೇಲುವ ಔಷಧವನ್ನು ರೂಪಿಸಿ 1978ರಲ್ಲಿ ಪೇಟೆಂಟು ಪಡೆದರು. ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ರ್‍ಯಾನ್‌ಬ್ಯಾಕ್ಸಿ ಕಂಪನಿಯ ಶಾಸ್ತ್ರಜ್ಞರು ಸಿಪ್ರೊಫ್ಲಾಕ್ಸಸಿನ್ ಎಂಬ ಮದ್ದಿಗೆ ವಾಯುವಿನಿಂದ ತೇಲುವ, ದಿನಕ್ಕೊಂದೇ ಸಲ ನುಂಗುವ ಗುಳಿಗೆಯನ್ನು ಮಾಡಿ 2001ರಲ್ಲಿ ಅಮೆರಿಕದ ಪೇಟೆಂಟು ಪಡೆದರು.

ಕರ್ನಾಟಕದಲ್ಲಿ ಈ ವಿಷಯ ಔಷಧ ವಿಜ್ಞಾನದ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಮನೆಮಾತಾಗಿದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಿಗೆ ಮತ್ತೆ ಮತ್ತೆ ಆರಿಸಿಕೊಂಡ ವಿಷಯಗಳಲ್ಲಿ ಇದು ಒಂದು. ಶಿರೋಳದಿಂದ ಬಹಳ ದೂರವೇನೂ ಅಲ್ಲದ ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ, ಬೆಳಗಾವಿಗಳಲ್ಲಿಯೂ ಅಂಥ ಕಾಲೇಜುಗಳಿವೆ. ಹೊಟ್ಟೆಯಲ್ಲಿ ತೇಲುವ ಗುಳಿಗೆಯೆಂದರೆ ಸಮುದ್ರದಾಚೆಯ ಮಾತೆಂದು ತಿಳಿಯಬೇಕಾಗಿಲ್ಲ.

ಇನ್ನು ಇದನ್ನು ಮಾಡುವ ಬಗೆಯನ್ನು ನೋಡೋಣ. ಮುಖ್ಯವಾಗಿ ನಾಲ್ಕು ಸಾಮಗ್ರಿಗಳು ಬೇಕು: ಮದ್ದು, ಲೋಳೆಯಾಗಿ ಉಬ್ಬುವ ಒಂದು ವಸ್ತು, ವಾಯು ಬಿಡುವ ಒಂದು ವಸ್ತು, ಎಲ್ಲವನ್ನೂ ಅಚ್ಚಿನಲ್ಲಿ ಒತ್ತಲು ಅನುಕೂಲವಾಗುವ ಪುಡಿಗಳು.

ಉಬ್ಬುವ ವಸ್ತುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್. ಹೆಸರು ಉದ್ದವಾದರೂ ವಸ್ತು ನಮಗೆ ಅಪರಿಚಿತವಲ್ಲ. ಕಟ್ಟಿಗೆಯ ತಿರುಳಿನಿಂದಲೋ, ಹತ್ತಿಕಾಳಿಗೆ ಅಂಟಿಕೊಂಡುಳಿಯುವ ಗಿಡ್ಡ ನೂಲಿನಿಂದಲೋ ಸೆಲ್ಯುಲೋಸನ್ನು ತೆಗೆದು ರಾಸಾಯನಿಕ ಸಂಸ್ಕಾರ ಕೊಟ್ಟು ಇದನ್ನು ಮಾಡುತ್ತಾರೆ. ಇದು ನೀರಿನಲ್ಲಿ ಕರಗುವ ಮೊದಲು ಉಬ್ಬಿ ಲೋಳೆಯಾಗುತ್ತದೆ. ಇದರಲ್ಲಿ ತೆಳು ಲೋಳೆಯ ಜಾತಿಯೂ ಉಂಟು, ಬಹಳ ಗಟ್ಟಿ ಲೋಳೆಯ ಜಾತಿಯೂ ಉಂಟು. ಗಟ್ಟಿ ಲೋಳೆಯ ಜಾತಿಯನ್ನು ಹಾಕಿದಷ್ಟೂ, ಪ್ರಮಾಣವನ್ನು ಹೆಚ್ಚಿಸಿದಷ್ಟೂ ಮದ್ದು ಹೊರಬರುವುದು ನಿಧಾನ. ಚವಳಿಕಾಯಿಯ ಬೀಜದ ಅಂಟು, ಹುಣಸೆಬೀಜದ ತಿರುಳು, ಇಸಬಗೋಲದ ಹೊಟ್ಟು ಇವುಗಳನ್ನು ಸಹ ಇದೇ ಕೆಲಸಕ್ಕೆ ಹಚ್ಚಿ ನೋಡಿದ್ದಾರೆ. ರಾತ್ರಿ ನೀರಿನಲ್ಲಿ ಹಾಕಿದ ಇಸಬಗೋಲ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಲೋಳೆಯಾಗುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ವಾಯು ಬಿಡುವ ವಸ್ತು ನಮ್ಮ ಭಜಿಯ ಸೋಡಾವೇ, ಎಂದರೆ ಸೋಡಿಯಂ ಬೈಕಾರ್ಬೋನೇಟ್. ಜಠರರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದ್ದೇ ಇದೆ. ಸೋಡಾ ಆಮ್ಲವನ್ನು ಕೂಡಿದೊಡನೆ ಇಂಗಾಲದ ಡೈಆಕ್ಸೈಡ್ ವಾಯು ಹೊರಡುತ್ತದೆ. ಕೆಲವರ ಜಠರದಲ್ಲಿ ಆಮ್ಲ ಕಡಿಮೆಯಿರುವುದರಿಂದ ಗುಳಿಗೆಯೊಳಗೆ ಸ್ವಲ್ಪ ಸಿಟ್ರಿಕ್ ಆಮ್ಲವನ್ನೂ, ಎಂದರೆ ನಿಂಬೆಯ ಹುಳಿಯನ್ನೂ, ಸೇರಿಸುವುದುಂಟು.

ಇಲ್ಲಿ ಒಂದು ಲೆಕ್ಕ ನೋಡಿರಿ. ಗುಳಿಗೆಯ ತೂಕ 500 ಮಿಲಿಗ್ರಾಂ ಇದ್ದು ಅದರ ಸಾಂದ್ರತೆ ನೀರಿನ 1.2 ಪಟ್ಟು ಎಂದು ಇಟ್ಟುಕೊಳ್ಳೋಣ. ಆಗ ಅದು ಸುಮಾರು 0.42 ಮಿಲಿಲೀಟರ್ ಜಾಗವನ್ನು ಹಿಡಿಯುತ್ತದೆ. ಜಠರರಸದ ಸಾಂದ್ರತೆ ನೀರಿನದಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಗುಳಿಗೆ ತೇಲಬೇಕಾದರೆ ಗಾತ್ರ ಅರ್ಧ ಮಿಲಿಲೀಟರನ್ನು ಮೀರಬೇಕು. ಎಂದರೆ ಒಂದು ಮಿಲಿಲೀಟರಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ವಾಯು ಒಳಗೆ ಸಿಕ್ಕಿಕೊಂಡರೂ ಸಾಕು. ಆದರೆ 50 ಮಿಲಿಗ್ರಾಂ ಸೋಡಾ ಪೂರ್ತಿಯಾಗಿ ಆಮ್ಲದೊಡನೆ ಕೂಡಿದರೆ ಮೈಯ ಬಿಸಿಯಲ್ಲಿ ಹೊರಡುವ ವಾಯು ಸುಮಾರು 15 ಮಿಲಿಲೀಟರ್! ಬೇಕಾದದ್ದಕ್ಕಿಂತ ನೂರಾರು ಪಟ್ಟು ವಾಯು ಉಂಟಾಗುತ್ತದೆ ಎಂದಾಯಿತು. ಹಾಗಿರುವಾಗ ಕಷ್ಟವೇನು? ವಾಯುವನ್ನು ಹುಟ್ಟಿಸುವುದು ಕಷ್ಟವಲ್ಲ, ಹಿಡಿದಿಡುವುದು ಕಷ್ಟ. ಲೋಳೆ ತೆಳುವಾದರೆ ಗುಳ್ಳೆಗಳೆಲ್ಲ ತೂರಿ ಹೋಗಿ ಗುಳಿಗೆ ಮುಳುಗುತ್ತದೆ. ಸೋಡಾ ಅತಿಯಾದರೆ ಲೋಳೆಯೇ ಹರಿದು ಗುಳಿಗೆ ಚೂರಾಗುತ್ತದೆ. ಹಿಟ್ಟು ನೀರಾದರೆ ಭಜಿ ಉಬ್ಬದು, ಸೋಡಾ ಹೆಚ್ಚಾದರೆ ಭಜಿ ಒಡೆದು ಎಣ್ಣೆ ಕುಡಿಯುವುದು. ಇಲ್ಲಿಯ ಜಾಣತನವೂ ಅದೇ ಹದದ ಜಾಣತನ.

ಸಾಮಗ್ರಿಗಳನ್ನು ಜರಡಿ ಹಿಡಿದು, ತೂಗಿ, ಸಮನಾಗಿ ಬೆರೆಸಿ ಯಂತ್ರದ ಅಚ್ಚಿನಲ್ಲಿ ಒತ್ತುತ್ತಾರೆ. ಸಾಧಾರಣ ಗುಳಿಗೆ ಮಾಡುವಾಗ ಪುಡಿಯನ್ನು ನೀರಿನಿಂದ ಕಲಸಿ ಹರಳು ಮಾಡಿಕೊಳ್ಳುವುದುಂಟು. ಸೋಡಾ ಮತ್ತು ಹುಳಿ ಕೂಡಿದ್ದಲ್ಲಿ ನೀರು ತಾಗಿದರೆ ವಾಯುವೆಲ್ಲ ಅಲ್ಲಿಯೇ ಹೊರಟುಹೋಗುತ್ತದೆ. ಆದುದರಿಂದ ಒಣಪುಡಿಯನ್ನೇ ನೇರವಾಗಿ ಒತ್ತುತ್ತಾರೆ, ಇಲ್ಲವೆ ನೀರಿನ ಬದಲು ಬೇಗ ಆರುವ ಆಲ್ಕೊಹಾಲಿನಲ್ಲಿ ಕಲಸುತ್ತಾರೆ. ಒತ್ತುವುದರಲ್ಲಿಯೂ ಹದವುಂಟು. ಬಹಳ ಬಿಗಿಯಾಗಿ ಒತ್ತಿದರೆ ಸಂದುಗಳೆಲ್ಲ ಮುಚ್ಚಿ ರಸ ಒಳಗಿಳಿಯುವುದು ತಡವಾಗುತ್ತದೆ. ಸಡಿಲವಾಗಿ ಒತ್ತಿದರೆ ಪಟ್ಟಿಯಲ್ಲಿಯೇ ಪುಡಿಯಾಗುತ್ತದೆ.

ತಯಾರಾದ ಗುಳಿಗೆಯನ್ನು ಮೊದಲು ಗಾಜಿನ ಹೊಟ್ಟೆಯಲ್ಲಿ ಪರೀಕ್ಷಿಸುತ್ತಾರೆ. 900 ಮಿಲಿಲೀಟರ್ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿರಿಸಿ, ಒಂದು ಹುಟ್ಟಿನಿಂದ ಮೆಲ್ಲನೆ ತಿರುವುತ್ತ ಗುಳಿಗೆಯನ್ನು ಬಿಡುತ್ತಾರೆ. ಗುಳಿಗೆ ಮೊದಲು ಮುಳುಗುತ್ತದೆ. ಮೇಲೇಳುವವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಈ ಅವಧಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಮೇಲೇಳುವ ಮೊದಲೇ ಜಠರ ಅದನ್ನು ಬಾಗಿಲಿನಾಚೆ ತಳ್ಳಬಾರದಲ್ಲ. ಎಷ್ಟು ಗಂಟೆ ತೇಲಿತೆಂಬುದು ಎರಡನೆಯ ಪರೀಕ್ಷೆ. ಗಂಟೆಗೊಮ್ಮೆ ಸ್ವಲ್ಪ ದ್ರಾವಣವನ್ನು ತೆಗೆದು ಎಷ್ಟು ಮದ್ದು ಹೊರಬಂದಿದೆಯೆಂದು ಅಳೆಯುವುದು ಮೂರನೆಯ ಪರೀಕ್ಷೆ. ಆ ಬಳಿಕ ಮದ್ದಿನ ಬದಲು ಬೇರಿಯಂ ಸಲ್ಫೇಟ್ ತುಂಬಿದ ಗುಳಿಗೆಯನ್ನು ನುಂಗಿಸಿ, ಎಕ್ಸ್-ರೇ ಚಿತ್ರ ತೆಗೆದು ಅದು ಹೊಟ್ಟೆಯಲ್ಲಿ ಎಲ್ಲಿದೆಯೆಂದು ಕಾಣುವುದುಂಟು.

ಗುಳಿಗೆಯೊಳಗಿನ ಮದ್ದು ಹೊರಬರುವ ಬಗೆ ಹೀಗೆ. ಹೊರಮೈ ನೆನೆದು ಲೋಳೆಯಾಗುತ್ತದೆ. ನಡುವಿನ ತಿರುಳು ಇನ್ನೂ ಒಣಗಿಯೇ ಇರುತ್ತದೆ. ರಸವು ಲೋಳೆಯ ಮೂಲಕ ಒಳಗಿಳಿಯುತ್ತದೆ, ಕರಗಿದ ಮದ್ದು ಅದೇ ಲೋಳೆಯ ಮೂಲಕ ಮೆಲ್ಲನೆ ಹೊರಬರುತ್ತದೆ. ಹೊರಗಿನ ಲೋಳೆ ಸವೆದಂತೆ ಒಳಗಿನ ಪದರು ಲೋಳೆಯಾಗುತ್ತದೆ. ಹೀಗೆ ಈ ಲೋಳೆಯೇ ತೂಬು, ಲೋಳೆಯೇ ಬುರುಡೆ. ಅದು ಇಡಿಯಾಗಿದ್ದರೆ ಮಾತ್ರ ಎರಡು ಕೆಲಸವೂ ನಡೆದಾವು.

ಈಗ ಅಜ್ಜನ ಪ್ರಶ್ನೆಗೆ ಉತ್ತರ ಹೇಳಬಹುದು. ಗುಳಿಗೆಯನ್ನು ಕುಟ್ಟಿದರೆ ಉಳಿಯುವುದು ಮದ್ದಿನ ಪುಡಿ ಮಾತ್ರ. ತೂಬೂ ಹೋಯಿತು, ಬುರುಡೆಯೂ ಹೋಯಿತು. ಇಡೀ ದಿನಕ್ಕೆಂದು ಇಟ್ಟ ಮದ್ದು ಒಂದೆರಡು ಗಂಟೆಯಲ್ಲಿ ಒಮ್ಮೆಲೆ ಇಳಿಯುತ್ತದೆ. ಮೆಟ್‌ಫಾರ್ಮಿನ್ ಆದರೆ ಹೊಟ್ಟೆ ತೊಳಸು, ಭೇದಿ. ಆ ಮೇಲೆ ಉಳಿದ ಹೊತ್ತಿಗೆ ಮದ್ದೇ ಇಲ್ಲ. ಬೇರೆ ಕೆಲವು ಮದ್ದುಗಳಲ್ಲಿ ಹೀಗೆ ಒಮ್ಮೆಲೆ ಇಳಿಯುವುದು ಪ್ರಾಣಕ್ಕೇ ಅಪಾಯ. ಮುರಿಯಲೆಂದೇ ಗೆರೆ ಹಾಕಿ ಕೊಟ್ಟ ಕೆಲವು ಗುಳಿಗೆಗಳನ್ನು ಬಿಟ್ಟರೆ, ದೀರ್ಘಕಾಲ ಕೆಲಸ ಮಾಡುವ ಯಾವ ಗುಳಿಗೆಯನ್ನೂ ವೈದ್ಯರನ್ನು ಕೇಳದೆ ಮುರಿಯಬಾರದು, ಅಗಿಯಬಾರದು, ಕುಟ್ಟಬಾರದು. ನುಂಗಲು ಕಷ್ಟವಾದರೆ ಅದನ್ನೇ ವೈದ್ಯರಿಗೆ ಹೇಳಿದರೆ ಅವರು ಬೇರೆ ರೂಪದ ಮದ್ದನ್ನು ಬರೆದುಕೊಡುತ್ತಾರೆ. ಖರ್ಚು ಉಳಿಸಲೆಂದು ಅರ್ಧ ಮಾಡಿ ನುಂಗುವವನು ನಷ್ಟವನ್ನೇ ಕೊಳ್ಳುತ್ತಾನೆ.

ಎರಡನೆಯದು ಊಟದ ಮಾತು. ಬೆಳಗ್ಗೆ ಒಂದು ಬಟ್ಟಲು ಚಹಾ ಕುಡಿದು ಹೊಲಕ್ಕೆ ಹೋಗುವವನು ತೇಲುಗುಳಿಗೆಯನ್ನು ಆಗ ನುಂಗಿದನೆನ್ನಿ. ಅವನ ಜಠರದಲ್ಲಿ ತೇಲಲು ಸಾಕಷ್ಟು ರಸವಿಲ್ಲ. ಮೇಲಾಗಿ ಮನೆಗುಡಿಸುವ ಅಲೆ ಬಂದು ಗುಳಿಗೆಯನ್ನು ತಳ್ಳಿಬಿಡುತ್ತದೆ. ರೊಟ್ಟಿ ಪಲ್ಯ ಉಂಡ ಹೊಟ್ಟೆಯಲ್ಲಾದರೆ ಆ ಅಲೆ ಏಳುವುದಿಲ್ಲ, ಬಾಗಿಲು ಬಿಗಿಯಾಗಿರುತ್ತದೆ, ಗುಳಿಗೆಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಆದುದರಿಂದಲೇ ಇಂಥ ಗುಳಿಗೆಯನ್ನು ಊಟದೊಡನೆ, ತುಂಬ ನೀರಿನೊಡನೆ ನುಂಗಬೇಕೆಂದು ಹೇಳುವುದು. ನುಂಗಿದೊಡನೆ ಹಾಸಿಗೆ ಸೇರುವುದೂ ತರವಲ್ಲ. ನಿಂತವನ, ಕುಳಿತವನ ಜಠರದಲ್ಲಿ ಬಾಗಿಲು ಕೆಳಗಿರುತ್ತದೆ. ಮಲಗಿದಾಗ ಮೇಲು ಕೆಳಗಿನ ಲೆಕ್ಕವೇ ತಪ್ಪಿ, ತೇಲುವ ಗುಳಿಗೆ ಬಾಗಿಲಿನ ಬಳಿಗೇ ಹೋದೀತು. ರಾತ್ರಿ ಉಂಡ ಮೇಲೆ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಾತಾಡಿ ಮಲಗುವ ನಮ್ಮ ಹಿರಿಯರ ರೂಢಿ ಇದಕ್ಕೂ ಒಳ್ಳೆಯದೇ.

ಮೂರನೆಯದು ತೇವದ ಮಾತು. ಮಳೆಗಾಲದಲ್ಲಿ ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಟ್ಟ ಗುಳಿಗೆಗೆ ಹಸಿ ತಗುಲಿದರೆ ಅದರ ಸೋಡಾ ಅಲ್ಲಿಯೇ ಸತ್ತುಹೋಗುತ್ತದೆ. ನುಂಗುವ ಹೊತ್ತಿಗೆ ಬಿಡಿಸುವುದೇ ಸರಿ.

ನಾಲ್ಕನೆಯದು ಒಂದು ಸಮಾಧಾನದ ಮಾತು. ಲೋಳೆಯಿಂದ ಮಾಡಿದ ಕೆಲವು ದೀರ್ಘಕಾಲದ ಗುಳಿಗೆಗಳ ಮೆತ್ತನೆಯ ಹೊಟ್ಟು ಮಲದಲ್ಲಿ ಗುಳಿಗೆಯ ಆಕಾರದಲ್ಲಿಯೇ ಕಾಣಿಸಿಕೊಳ್ಳುವುದುಂಟು. “ಗುಳಿಗಿ ಕರಗಲೇ ಇಲ್ಲ, ಹಂಗ ಹೊರಗ ಬಂತು” ಎಂದು ಗಾಬರಿಪಟ್ಟು ಇನ್ನೊಂದನ್ನು ನುಂಗಬಾರದು. ಹೊರಬಂದದ್ದು ಮದ್ದು ಕೊಟ್ಟು ಬರಿದಾದ ಚೀಲ.

ಎಲ್ಲ ಮದ್ದುಗಳನ್ನೂ ತೇಲಿಸುವುದು ಸಲ್ಲದು ಎಂಬುದನ್ನೂ ಇಲ್ಲಿ ಹೇಳಬೇಕು. ಆಸ್ಪಿರಿನ್ನಿನಂತೆ ಜಠರದ ಒಳಮೈಯನ್ನು ಕೆರಳಿಸುವ ಮದ್ದನ್ನು ಅಲ್ಲಿಯೇ ನಿಲ್ಲಿಸುವುದು ಹುಣ್ಣನ್ನು ಕರೆದಂತೆ. ಆಮ್ಲದಲ್ಲಿ ಕೆಡುವ ಮದ್ದನ್ನು ಆಮ್ಲದ ಮೇಲೆ ತೇಲಿಸಿ ಫಲವಿಲ್ಲ. ಕರುಳಿನುದ್ದಕ್ಕೂ ಚೆನ್ನಾಗಿ ಹೀರಲ್ಪಡುವ ಮದ್ದಿಗೆ ಈ ಶ್ರಮವೇ ಬೇಕಿಲ್ಲ. ಅಂಗಡಿಯಲ್ಲಿ ಸಿಗುವ ದಿನಕ್ಕೊಂದರ ಗುಳಿಗೆಗಳೆಲ್ಲ ತೇಲುವವೂ ಅಲ್ಲ. ಬರಿದೆ ಉಬ್ಬುವವು, ನಿಧಾನವಾಗಿ ಸವೆಯುವವು ಬಹಳ. ಆದರೆ ಮುರಿಯಬಾರದೆಂಬ ನಿಯಮ ಅವಕ್ಕೂ ಒಂದೇ.

ಔಷಧವೆಂದರೆ ಒಳಗಿರುವ ಮದ್ದು ಮಾತ್ರವೆಂದು ಹಿಂದೆ ತಿಳಿದಿದ್ದೆವು. ಆ ಮದ್ದು ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ಇಳಿಯಬೇಕು ಎಂಬುದು ಸಹ ಔಷಧವೇ ಎಂದು ಈ ಸಣ್ಣ ಗುಳಿಗೆ ನಮಗೆ ತಿಳಿಸಿಕೊಡುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಹದಮಾಡಿದವರ ಕೆಲಸ ಅರ್ಧ. ಅದನ್ನು ಇಡಿಯಾಗಿ, ಉಂಡ ಹೊಟ್ಟೆಯಲ್ಲಿ, ಹೇಳಿದ ಹೊತ್ತಿಗೆ ನುಂಗುವುದು ಉಳಿದರ್ಧ. ಮುಂದಿನ ಸಲ ಸಂತೆಯಲ್ಲಿ ಎಣ್ಣೆಯ ಮೇಲೆ ತೇಲಿಬಂದ ಭಜಿಯನ್ನು ಕಂಡಾಗ, ಮನೆಯಲ್ಲಿ ಗುಳಿಗೆಯನ್ನು ಕುಟ್ಟಿ ಕುಡಿಯುವ ಹಿರಿಯರಿದ್ದರೆ, ಅವರಿಗೆ ಈ ಮಾತನ್ನು ಬಿಡಿಸಿ ಹೇಳಿರಿ. ಕಾರಣ ತಿಳಿದ ಮೇಲೆ ಅವರು ಒರಳಿನ ಕಡೆಗೆ ಹೋಗಲಾರರು.